ದುಡ್ಡಿಲ್ಲದ ನಿರ್ಮಾಪಕನ ಕಂಪನಿ

ಗಾಂಧಿನಗರದಲ್ಲಿ ನಿರ್ಮಾಪಕರೆಂದರೆ ಅನ್ನದಾತರು. ದುಡ್ಡು ಅವರದು, ಕಲೆ ಬೇರೆಯವರದು ಎಂಬುದು ಎಲ್ಲರೂ ಒಪ್ಪಿಕೊಂಡ ಲೆಕ್ಕ. ಮುಂಬೈಯ ಇಸ್ಮಾಯಿಲ್ ಮರ್ಚೆಂಟ್ ಹತ್ತಿರ ದುಡ್ಡೇ ಇರಲಿಲ್ಲ. ಆದರೂ ನಾಲ್ಕು ದಶಕ ಅವರು ಭಾರತ, ಇಂಗ್ಲೆಂಡ್, ಇಟಲಿ, ಅಮೆರಿಕ, ಫ್ರಾನ್ಸ್, ಟ್ರಿನಿಡಾಡ್, ಚೀನಾ ಎಂದು ಸುತ್ತಿ ಸಿನಿಮಾ ತೆಗೆದರು. ಅವರ ಕಂಪನಿಯ ಚಿತ್ರಗಳಿಗೆ ಆರು ಆಸ್ಕರ್ ಬಂದವು. ‘ಮರ್ಚೆಂಟ್ ಐವರಿ ಪ್ರೊಡಕ್ಷನ್ಸ್’ ಎಂದರೆ ಹಳೆಯ ಬಂಗಲೆ, ಲೇಸಿನ ಉಡುಪು, ಚಹಾ ಕಪ್ಪುಗಳ ಇಂಗ್ಲಿಷ್ ಸಿನಿಮಾ ಎಂದು ಬಹಳ ಮಂದಿ ತಿಳಿದಿದ್ದಾರೆ. ಆ ಕಂಪನಿ ಹುಟ್ಟಿದ್ದು ದಿಲ್ಲಿಯ ಒಬ್ಬ ಬಡ ಮೇಷ್ಟರ ಸಂಸಾರದ ಕಥೆಯಿಂದ.

1961ರಲ್ಲಿ ನ್ಯೂಯಾರ್ಕಿನ ಭಾರತೀಯ ಕಾನ್ಸುಲೇಟಿನಲ್ಲಿ ಒಂದು ಸಾಕ್ಷ್ಯಚಿತ್ರದ ಪ್ರದರ್ಶನವಿತ್ತು. ನಮ್ಮ ಮಿನಿಯೇಚರ್ ವರ್ಣಚಿತ್ರಗಳ ಕುರಿತ ಆ ಚಿತ್ರ ತೆಗೆದವರು ಅಮೆರಿಕದ ಆರೆಗನ್ ರಾಜ್ಯದಲ್ಲಿ ಬೆಳೆದ ಜೇಮ್ಸ್ ಐವರಿ. ಅಲ್ಲಿ ಮರ್ಚೆಂಟ್ ಅವರಿಗೆ ಐವರಿಯ ಭೇಟಿಯಾಯಿತು, ಅದೇ ವರ್ಷ ಕಂಪನಿ ಶುರುವಾಯಿತು. ಮೂರನೆಯವರು ರೂತ್ ಪ್ರಾವರ್ ಝಾಬ್‌ವಾಲಾ. ಜರ್ಮನಿಯ ಕಲೋನಿನಲ್ಲಿ ಹುಟ್ಟಿದ ಯಹೂದಿ ಹುಡುಗಿ, 1939ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿ, ಪಾರ್ಸಿ ವಾಸ್ತುಶಿಲ್ಪಿಯನ್ನು ಮದುವೆಯಾಗಿ ದಿಲ್ಲಿಗೆ ಬಂದು ನೆಲೆಸಿದ ಕಾದಂಬರಿಕಾರ್ತಿ. ಆ ಬಡ ಮೇಷ್ಟರ ಕಥೆ ಇರುವುದು ಆಕೆಯ ‘ದ ಹೌಸ್‌ಹೋಲ್ಡರ್’ ಕಾದಂಬರಿಯಲ್ಲಿ; ಅದನ್ನು ಸಿನಿಮಾ ಮಾಡುತ್ತೇವೆ ಎಂದು ಇಬ್ಬರೂ ಹೋದರು. ಚಿತ್ರಕಥೆ ಬರೆದು ಅಭ್ಯಾಸವಿಲ್ಲದ ರೂತ್ ಅವರಿಂದಲೇ ಅದನ್ನು ಬರೆಸಿದರು. ಶಶಿ ಕಪೂರ್, ಲೀಲಾ ನಾಯ್ಡು ಮುಖ್ಯ ಪಾತ್ರಗಳಲ್ಲಿ. ಕ್ಯಾಮೆರಾ ಹಿಡಿದವರು ಸತ್ಯಜಿತ್ ರಾಯ್ ಅವರ ಛಾಯಾಗ್ರಾಹಕ ಸುಬ್ರತ ಮಿತ್ರ. ಸಂಕಲನ ಕೈಕೊಟ್ಟಾಗ ರಾಯ್ ಅವರೇ ಕೂತು ಚಿತ್ರವನ್ನು ಮರುಜೋಡಿಸಿ ಕೊಟ್ಟರು.

ಇಲ್ಲಿಂದ ಮುಂದಿನದು ನನಗೆ ಅತ್ಯಂತ ಇಷ್ಟವಾದ ಭಾಗ, ದುಡ್ಡಿನ ಕಥೆ. ಆ ಕಾಲದಲ್ಲಿ ಹಾಲಿವುಡ್ ಕಂಪನಿಗಳು ಭಾರತದಲ್ಲಿ ಟಿಕೆಟ್ ಮಾರಿ ಗಳಿಸಿದ ಹಣದ ಬಹುಪಾಲನ್ನು ಹೊರಗೆ ಒಯ್ಯುವಂತಿರಲಿಲ್ಲ. ವಿದೇಶಿ ವಿನಿಮಯದ ನಿಯಮ ಅಡ್ಡ ಬರುತ್ತಿತ್ತು. ಕೈಗೆ ಸಿಗದ ಆ ರೂಪಾಯಿಗಳು ಇಲ್ಲೇ ಕೊಳೆಯುತ್ತಿದ್ದವು. ಮರ್ಚೆಂಟ್ ಹೂಡಿದ ವಾದ ಸರಳ: ರೂಪಾಯಿಯನ್ನು ಗಡಿ ದಾಟಿಸಲಾಗದು, ಸಿನಿಮಾವನ್ನು ದಾಟಿಸಬಹುದು. ಇಲ್ಲಿನ ದುಡ್ಡನ್ನು ಇಲ್ಲಿ ಖರ್ಚು ಮಾಡಿ, ಬಂದ ಚಿತ್ರವನ್ನು ಹೊರಗೆ ತೋರಿಸಿ ಡಾಲರ್ ಗಳಿಸಿಕೊಳ್ಳಿ. 1963ರಲ್ಲಿ ಕೊಲಂಬಿಯಾ ಕಂಪನಿ ‘ಹೌಸ್‌ಹೋಲ್ಡರ್’ ಕೊಂಡದ್ದು ಇಂಥ ರೂಪಾಯಿಯಿಂದ. ಆ ಹಣದಿಂದ ‘ಶೇಕ್ಸ್‌ಪಿಯರ್ ವಾಲಾ’ ಆಯಿತು. ‘ದ ಗುರು’ ಚಿತ್ರಕ್ಕೆ ಫಾಕ್ಸ್ ಕಂಪನಿಯ ಇಂಥದೇ ಹಣ ಸಿಕ್ಕಿತು. ಸರ್ಕಾರದ ಒಂದು ನಿಯಮದಲ್ಲಿ ಸಿನಿಮಾ ಅಡಗಿರುವುದನ್ನು ಕಾಣಬಲ್ಲ ಕಣ್ಣು ಕ್ಯಾಮೆರಾದ ಹಿಂದಿನ ಕಣ್ಣಿಗೆ ಯಾವ ರೀತಿಯಲ್ಲೂ ಕಡಿಮೆಯದಲ್ಲ.

ಎಪ್ಪತ್ತರ ದಶಕದಲ್ಲಿ ಸಿನಿಮಾದ ದುಡ್ಡು ಒಣಗಿದಾಗ ಕಂಪನಿ ಟಿವಿಯತ್ತ ತಿರುಗಿತು. ಬಿಬಿಸಿಗೆ ಲೇಖಕ ನೀರದ ಚೌಧುರಿ ಕುರಿತ ಚಿತ್ರ, ಲಂಡನ್ ವೀಕೆಂಡ್ ಟೆಲಿವಿಷನ್‌ಗೆ ಜೋಧಪುರದಲ್ಲಿ ತೆಗೆದ ಒಂದು ಚಿತ್ರ. 1975ರ ‘ಆಟೋಬಯಾಗ್ರಫಿ ಆಫ್ ಎ ಪ್ರಿನ್ಸೆಸ್’ ನೋಡಿದರೆ ಬಡತನವನ್ನೇ ಶೈಲಿಯಾಗಿಸುವುದು ಹೇಗೆಂದು ಗೊತ್ತಾಗುತ್ತದೆ. ಲಂಡನ್ನಿನ ಒಂದು ಮನೆ, ದೇಶ ಬಿಟ್ಟು ಬಂದ ರಾಜಕುಮಾರಿಯಾಗಿ ಮಧುರ್ ಜಾಫ್ರಿ, ಆಕೆಯ ತಂದೆಯ ಹಳೆಯ ಕಾರ್ಯದರ್ಶಿಯಾಗಿ ಜೇಮ್ಸ್ ಮೇಸನ್, ಮಧ್ಯೆ ಸಂಸ್ಥಾನಗಳ ಕಾಲದ ನಿಜವಾದ ಹಳೆಯ ಫಿಲ್ಮ್ ತುಣುಕುಗಳು. ಸುಮಾರು ಒಂದು ಗಂಟೆಯಲ್ಲಿ ಒಂದು ಯುಗದ ದರ್ಪವೂ ಕ್ರೌರ್ಯವೂ ಕಣ್ಣೆದುರು ಬಂದು ಹೋಗುತ್ತವೆ.

ಬ್ರಿಟನ್ನಿನ ಚಾನೆಲ್ 4 ಸಿನಿಮಾಗಳಿಗೂ ಬಂಡವಾಳ ಹಾಕತೊಡಗಿದ ಮೇಲೆ ಕಂಪನಿಗೆ ದೊಡ್ಡ ಕಾಲ ಬಂತು. 1985ರ ‘ಎ ರೂಮ್ ವಿತ್ ಎ ವ್ಯೂ’ ಸುಮಾರು 30 ಲಕ್ಷ ಡಾಲರ್‌ನಲ್ಲಿ ಮುಗಿದು ಮೂರು ಆಸ್ಕರ್ ಗೆದ್ದಿತು. 1992ರ ‘ಹೋವರ್ಡ್ಸ್ ಎಂಡ್’ಗೆ ಜಪಾನಿನ ಕಂಪನಿಗಳ ಹಣವೂ ಸೇರಿತ್ತು, ಅದಕ್ಕೂ ಮೂರು ಆಸ್ಕರ್. ಎರಡರ ಚಿತ್ರಕಥೆಗೂ ಪ್ರಶಸ್ತಿ ಪಡೆದವರು ರೂತ್. 1975ರಲ್ಲೇ ಅವರಿಗೆ ಕಾದಂಬರಿಗಾಗಿ ಬುಕರ್ ಬಂದಿತ್ತು. ಇವೆರಡೂ ಇ.ಎಂ. ಫಾರ್ಸ್ಟರ್ ಕಾದಂಬರಿಗಳು, ‘ಮಾರಿಸ್’ ಕೂಡ ಅವರದೇ. ಫಾರ್ಸ್ಟರ್ ಎಂದೊಡನೆ ನಮಗೆ ನೆನಪಾಗುವುದು ಬೆಂಗಳೂರಿನಲ್ಲೂ ಸಾವನದುರ್ಗದಲ್ಲೂ ಚಿತ್ರೀಕರಣಗೊಂಡ ‘ಎ ಪ್ಯಾಸೇಜ್ ಟು ಇಂಡಿಯಾ’. ಅದು ಡೇವಿಡ್ ಲೀನ್ ಅವರ ಚಿತ್ರ. ಭಾರತವನ್ನು ಅಷ್ಟು ಬಲ್ಲ ಈ ಕಂಪನಿ ಫಾರ್ಸ್ಟರರ ಮೂರು ಕಾದಂಬರಿ ತೆಗೆದೂ ಭಾರತದ ಕಥೆಯ ಆ ಒಂದನ್ನು ಮಾತ್ರ ತೆಗೆಯಲಿಲ್ಲ.

ಈ ಚಿತ್ರಗಳ ವೈಭವ ಕಂಡವರಿಗೆ ಖರ್ಚು ಕಡಿಮೆ ಎಂದರೆ ನಂಬಿಕೆ ಬಾರದು. ಸೆಟ್ ಹಾಕುವ ಬದಲು ನಿಜವಾದ ಬಂಗಲೆಗಳನ್ನು ಹುಡುಕುತ್ತಿದ್ದರು. ‘ದ ರಿಮೇನ್ಸ್ ಆಫ್ ದ ಡೇ’ಯ ಡಾರ್ಲಿಂಗ್ಟನ್ ಹಾಲ್ ಎಂಬ ಒಂದು ಮನೆ ಬೇರೆ ಬೇರೆ ಊರುಗಳ ಹಲವು ಮನೆಗಳ ಜೋಡಣೆ: ಹೊರನೋಟ ಡೈರಮ್ ಪಾರ್ಕಿನದು, ಮೆಟ್ಟಿಲು ಪೌಡರಮ್ ಕ್ಯಾಸಲ್‌ನದು, ಆಳುಗಳ ಕೋಣೆ ಬ್ಯಾಡ್ಮಿಂಟನ್ ಹೌಸ್‌ನದು. ನಟರಿಗೆ ಕೊಡುತ್ತಿದ್ದುದೂ ಕಡಿಮೆಯೇ. ಕೆಲವೊಮ್ಮೆ ತಡವಾಗುತ್ತಿತ್ತು, ಯೂನಿಟ್ ಸಿಟ್ಟಾಗುತ್ತಿತ್ತು. ಆಗ ಮರ್ಚೆಂಟ್ ತಾವೇ ಒಲೆ ಮುಂದೆ ನಿಂತು ಎಲ್ಲರಿಗೂ ಸಾರು, ಪಲ್ಯ, ಅನ್ನ ಮಾಡಿ ಬಡಿಸುತ್ತಿದ್ದರು. ಅವರು ಅಡುಗೆ ಪುಸ್ತಕಗಳನ್ನೂ ಬರೆದರು. ಊಟದಿಂದ ಕೂಲಿ ತೀರುವುದಿಲ್ಲ, ದುಡಿದವರ ದೂರು ನ್ಯಾಯದ್ದೇ. ಆದರೂ ಅದೇ ನಟರು, ಅದೇ ತಂತ್ರಜ್ಞರು ಮತ್ತೆ ಮತ್ತೆ ಬಂದರು. ಅವರನ್ನು ಎಳೆದು ತಂದದ್ದು ಬೇರೆಲ್ಲೂ ಸಿಗದ ಪಾತ್ರಗಳು ಮತ್ತು ಕೆಲಸಕ್ಕೆ ಸಿಗುತ್ತಿದ್ದ ಮರ್ಯಾದೆ ಎಂದು ನನ್ನ ನಂಬಿಕೆ.

2005ರ ಮೇನಲ್ಲಿ ಮರ್ಚೆಂಟ್ ಲಂಡನ್ನಿನಲ್ಲಿ ತೀರಿಕೊಂಡರು. ಐವರಿ ಇದ್ದರು, ರೂತ್ ಇದ್ದರು, ಪ್ರತಿಭೆ ಹಾಗೆಯೇ ಇತ್ತು. ಆದರೂ ಅರ್ಜೆಂಟೀನಾದಲ್ಲಿ ತೆಗೆದ ಮುಂದಿನ ಚಿತ್ರ ಹಣವಿಲ್ಲದೆ, ಸಂಭಾವನೆಯ ವ್ಯಾಜ್ಯಗಳಲ್ಲಿ ಸಿಕ್ಕಿ ಹೈರಾಣಾಯಿತು. 2009ರ ಆ ಚಿತ್ರದ ನಂತರ ಐವರಿ ಕಥಾಚಿತ್ರ ನಿರ್ದೇಶಿಸಲಿಲ್ಲ. 2018ರಲ್ಲಿ, 89ನೇ ವಯಸ್ಸಿನಲ್ಲಿ, ಬೇರೆಯವರ ಚಿತ್ರಕ್ಕೆ ಬರೆದ ಚಿತ್ರಕಥೆಗೆ ಅವರಿಗೆ ಆಸ್ಕರ್ ಬಂತು.

ಕಂಪನಿಯ ಹಳೆಯ ಚಿತ್ರಗಳ ಹಕ್ಕು 2015ರಲ್ಲಿ ಕೋಹೆನ್ ಮೀಡಿಯಾ ಗ್ರೂಪ್‌ಗೆ ಹೋದ ಮೇಲೆ ಕೆಲವು ಚಿತ್ರಗಳು ಪುನರುಜ್ಜೀವನಗೊಂಡಿವೆ. ಮೊದಲ ಬಾರಿ ನೋಡುವವರು ‘ಶೇಕ್ಸ್‌ಪಿಯರ್ ವಾಲಾ’ದಿಂದ ಶುರುಮಾಡಲಿ. ಸ್ವಾತಂತ್ರ್ಯದ ನಂತರ ಊರೂರು ಅಲೆದು ಶೇಕ್ಸ್‌ಪಿಯರ್ ಆಡುವ ಒಂದು ಇಂಗ್ಲಿಷ್ ಕುಟುಂಬಕ್ಕೆ ನೋಡುಗರು ಕಡಿಮೆಯಾಗುತ್ತಾರೆ. ಹಿಂದಿ ಸಿನಿಮಾದ ತಾರೆಯೊಬ್ಬಳು ನಾಟಕದ ನಡುವೆ ಬಂದು ಕೂತರೆ ಪ್ರೇಕ್ಷಕರ ಕಣ್ಣೆಲ್ಲ ಆಕೆಯ ಮೇಲೆ. ಆ ತಾರೆಯ ಪಾತ್ರಕ್ಕಾಗಿ ಮಧುರ್ ಜಾಫ್ರಿಗೆ ಬರ್ಲಿನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ಗುಬ್ಬಿ ಕಂಪನಿಯ ಕಥೆ ಕೇಳಿ ಬೆಳೆದವರಿಗೆ, ಟೆಂಟು ಬಿಚ್ಚಿ ಗಾಡಿ ಹೇರುವ ನಾಟಕದವರನ್ನು ಕಂಡವರಿಗೆ, ಈ ಚಿತ್ರಕ್ಕೆ ಯಾವ ಪೀಠಿಕೆಯೂ ಬೇಡ.