ಬಾವಿ ತೋಡುವ ಮೊದಲು ಭೂಮಿಯ ವಿದ್ಯುತ್ಪರೀಕ್ಷೆ

ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಗಳಲ್ಲಿ ಅಂತರ್ಜಲವು ಮುಖ್ಯವಾಗಿ ಗೊರಚಿನಲ್ಲಿಯೂ ಅದರಡಿಯ ಬಂಡೆಯ ಬಿರುಕುಗಳಲ್ಲಿಯೂ ನಿಲ್ಲುತ್ತದೆ. ಆದಕಾರಣ ಒಂದು ಹೊಲದಲ್ಲಿ ನೀರು ದೊರೆತರೂ ಪಕ್ಕದ ಹೊಲದ ಬಾವಿಯು ಬರಿದಾಗಿ, ಹಿಡುವಳಿದಾರನು ಸಾಲಕ್ಕೆ ಗುರಿಯಾಗುವುದುಂಟು. 1912ರಲ್ಲಿ ಫ್ರಾನ್ಸಿನ ಕಾನ್ರಾಡ್ ಶ್ಲುಂಬರ್ಜೆಯವರು ಆರಂಭಿಸಿದ ಭೂವಿದ್ಯುತ್ಪರೀಕ್ಷೆಯು ಈ ನಷ್ಟವನ್ನು ತಗ್ಗಿಸಬಲ್ಲದು.

ನೆಲದಲ್ಲಿ ಒಂದೇ ಸಾಲಾಗಿ 4 ಲೋಹದ ಗೂಟಗಳನ್ನು ನೆಟ್ಟು, ಹೊರಗಿನ ಎರಡರ ಮೂಲಕ ವಿದ್ಯುತ್ತನ್ನು ಹಾಯಿಸಿ, ಒಳಗಿನ ಎರಡರ ನಡುವಣ ವಿದ್ಯುದೊತ್ತಡವನ್ನು ಅಳೆಯುತ್ತಾರೆ. ಗೂಟಗಳ ಅಂತರವನ್ನು ಹೆಚ್ಚಿಸಿದಂತೆಲ್ಲ ಹೆಚ್ಚು ಆಳದ ಸ್ಥಿತಿಯು ತಿಳಿಯುತ್ತದೆ. ಬಿರುಕಿಲ್ಲದ ಬಂಡೆಯು ವಿದ್ಯುತ್ತನ್ನು ಬಹಳವಾಗಿ ತಡೆಯುತ್ತದೆ. ನೀರುಂಡ ಗೊರಚು ಅಷ್ಟಾಗಿ ತಡೆಯದು. ಆದರೆ ಜೇಡಿಮಣ್ಣೂ ಉಪ್ಪುನೀರೂ ಕಡಿಮೆ ತಡೆಯನ್ನೇ ತೋರಿಸುವುದರಿಂದ, ನೆರೆಯ ಬಾವಿಗಳ ಆಳವನ್ನೂ ನೀರಿನ ರುಚಿಯನ್ನೂ ಪರೀಕ್ಷಕರಿಗೆ ತಿಳಿಸತಕ್ಕದ್ದು. ಇವೆರಡನ್ನೂ ಹೋಲಿಸಿ ನೋಡಿದ ಮೇಲೆಯೇ ಬಾವಿಗೆ ಹಣ ತೊಡಗಿಸುವುದು ಲೇಸು.