ಹಸುಗೂಸಿನ ಮೈಮೇಲಿನ ಕೆಂಪು ಗಂಟು: ಎಲ್ಲಕ್ಕೂ ಕಾಯುವುದು ಸರಿಯಲ್ಲ

ಹುಟ್ಟಿದಾಗ ಕಾಣದಿದ್ದ ಕೆಂಪು ಚುಕ್ಕೆಯೊಂದು ಎರಡು-ಮೂರು ವಾರಗಳಲ್ಲಿ ಮಗುವಿನ ಹಣೆಯ ಮೇಲೋ ಬೆನ್ನ ಮೇಲೋ ಮೂಡುತ್ತದೆ. ದಿನಗಳೆದಂತೆ ಉಬ್ಬಿ ಸ್ಟ್ರಾಬೆರಿ ಹಣ್ಣನ್ನು ಹೋಲತೊಡಗುತ್ತದೆ. ಬಸುರಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದದ್ದೇ ಕಾರಣವೆಂದು ಮನೆಯ ಹಿರಿಯರು ತೀರ್ಮಾನಿಸುವುದೂ ಉಂಟು. ತಾಯಿಯ ಮೇಲೆ ಹೊರಿಸುವ ಈ ಅಪವಾದಕ್ಕೆ ಯಾವ ಆಧಾರವೂ ಇಲ್ಲ.

ವೈದ್ಯರು ಇದನ್ನು ಹೆಮಾಂಜಿಯೋಮಾ ಎನ್ನುತ್ತಾರೆ. ರಕ್ತನಾಳಗಳ ಒಳಪದರದ ಜೀವಕೋಶಗಳು ಮಿತಿಮೀರಿ ಬೆಳೆದು ಉಂಟಾಗುವ ಗಂಟು ಇದು, ಕ್ಯಾನ್ಸರ್ ಅಲ್ಲ. ನೂರರಲ್ಲಿ ಸುಮಾರು 4ರಿಂದ 5 ಶಿಶುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಹೆಣ್ಣುಮಕ್ಕಳಲ್ಲಿ, ಅವಧಿಗೆ ಮುನ್ನ ಅಥವಾ ಕಡಿಮೆ ತೂಕದೊಂದಿಗೆ ಜನಿಸಿದವರಲ್ಲಿ ಹೆಚ್ಚು. ಚರ್ಮದ ಆಳದಲ್ಲಿದ್ದರೆ ಕೆಂಪಿನ ಬದಲು ನೀಲಿ ಛಾಯೆಯ ಊತವಾಗಿ ತೋರುತ್ತದೆ.

ಬೆಳವಣಿಗೆಯ ಬಹುಪಾಲು ಮೊದಲ ಐದು ತಿಂಗಳಲ್ಲಿಯೇ ಮುಗಿಯುತ್ತದೆ. ಒಂದು ವರ್ಷದ ಸುಮಾರಿಗೆ ಗಂಟಿನ ಬಣ್ಣ ಮಾಸಿ, ಕುಗ್ಗತೊಡಗುತ್ತದೆ. ನಾಲ್ಕು ವರ್ಷ ತುಂಬುವಷ್ಟರಲ್ಲಿ ಹೆಚ್ಚಿನವು ಇಳಿದಿರುತ್ತವೆ. ಆದ್ದರಿಂದಲೇ 'ತಾನಾಗಿ ಹೋಗುತ್ತದೆ, ಬಿಡಿ' ಎಂಬ ಮಾತು ಹುಟ್ಟಿತು. ಬೆನ್ನಿನ ಸಣ್ಣ ಗಂಟಿಗೆ ಅದು ಸರಿ. ರೆಪ್ಪೆಯ ಬಳಿಯ ಗಂಟಿಗೆ ಸಲ್ಲದು; ಅದು ದೃಷ್ಟಿಗೆ ಅಡ್ಡವಾದರೆ ಕಣ್ಣಿನ ನೋಟವೇ ಶಾಶ್ವತವಾಗಿ ಮಂದವಾದೀತು. ತುಟಿ ಮತ್ತು ಡಯಾಪರ್ ತಾಗುವ ಜಾಗದಲ್ಲಿ ಹುಣ್ಣಾಗುತ್ತದೆ, ಮೂಗಿನ ತುದಿಯಲ್ಲಿ ಆಕಾರ ಕೆಡುತ್ತದೆ. ಗಲ್ಲ, ಕತ್ತಿನ ಸುತ್ತ ಹರಡಿದ್ದರೆ ಶ್ವಾಸನಾಳದಲ್ಲಿಯೂ ಇರುವ ಸಂಭವವುಂಟು. ಐದು ಅಥವಾ ಹೆಚ್ಚು ಗಂಟುಗಳಿದ್ದರೆ ಯಕೃತ್ತಿನ ಸ್ಕ್ಯಾನಿಂಗ್ ಅಗತ್ಯ.

ಚಿಕಿತ್ಸೆಯ ದಿಕ್ಕು ಬದಲಾದದ್ದು ಆಕಸ್ಮಿಕವಾಗಿ. ಫ್ರಾನ್ಸಿನ ಬೋರ್ಡೋದಲ್ಲಿ ಇಂಥ ಗಂಟಿಗೆ ಸ್ಟೀರಾಯ್ಡ್ ಪಡೆಯುತ್ತಿದ್ದ ಮಗುವಿಗೆ ಹೃದಯದ ತೊಂದರೆ ಉಂಟಾಗಿ ಪ್ರೊಪ್ರನೊಲಾಲ್ ಎಂಬ ಹಳೆಯ ಔಷಧಿ ಕೊಡಲಾಯಿತು. ಮರುದಿನವೇ ಗಂಟು ಮೆದುವಾಗಿ ಬಣ್ಣ ಬದಲಿಸಿತ್ತು. ಡಾ. ಕ್ರಿಸ್ಟಿನ್ ಲೆಯೊಟೆ-ಲಾಬ್ರೆಜ್ ಮತ್ತು ಸಹೋದ್ಯೋಗಿಗಳು 2008ರಲ್ಲಿ ಇದನ್ನು ವರದಿ ಮಾಡಿದರು; 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಮಾನ್ಯತೆ ನೀಡಿತು. ಇಂದು ತೊಂದರೆ ಕೊಡುವ ಗಂಟುಗಳಿಗೆ ಇದೇ ಮೊದಲ ಆಯ್ಕೆ. ಸಣ್ಣ, ತೆಳುವಾದವಕ್ಕೆ ಟಿಮೊಲಾಲ್ ಹನಿ ಲೇಪಿಸುವುದೂ ಇದೆ.

ಆದರೆ ಪ್ರೊಪ್ರನೊಲಾಲ್ ಅಂಗಡಿಯಿಂದ ತಂದು ಕುಡಿಸುವ ಔಷಧಿಯಲ್ಲ. ರಕ್ತದ ಸಕ್ಕರೆ, ರಕ್ತದೊತ್ತಡ, ನಾಡಿಬಡಿತ ಇಳಿಯಬಹುದು. ಹಾಲೂಡಿಸಿಯೇ ಕೊಡಬೇಕು, ಮಗು ಹಾಲು ಬಿಟ್ಟರೆ, ವಾಂತಿ ಮಾಡಿಕೊಂಡರೆ ಆ ಹೊತ್ತಿನ ಔಷಧಿ ನಿಲ್ಲಿಸಿ ವೈದ್ಯರನ್ನು ಕೇಳಬೇಕು. ಮುಖದ ಮೇಲಿನ ಗಂಟಾದರೆ ಮಗುವಿಗೆ ಒಂದು ತಿಂಗಳು ತುಂಬುವ ಹೊತ್ತಿಗೇ ತೋರಿಸುವುದು ಲೇಸು. ಮೂರನೆಯ ತಿಂಗಳ ಲಸಿಕೆಯ ದಿನ ಕೇಳಿದರಾಯಿತು ಎಂದು ಕುಳಿತರೆ, ಅಷ್ಟರಲ್ಲಿ ಅದು ಬೆಳೆಯಬೇಕಾದಷ್ಟು ಬಹುಪಾಲು ಬೆಳೆದಿರುತ್ತದೆ.