ಕಡತ ತೆರೆಯುವ ಮುನ್ನ

ರೈತನೊಬ್ಬ ಆತ್ಮಹತ್ಯೆ ಮಾಡಿಕೊಂಡರೆ ಮುಂದೇನಾಗಬೇಕು ಎಂಬುದು ನಮ್ಮ ಸರ್ಕಾರಿ ಕಚೇರಿಗಳಿಗೆ ಬಾಯಿಪಾಠ. ಪೊಲೀಸರು ಎಫ್‌ಐಆರ್ ಹಾಕುತ್ತಾರೆ. ಮರಣೋತ್ತರ ಪರೀಕ್ಷೆಯ ವರದಿ, ಪಹಣಿ, ಸಾಲದ ದಾಖಲೆ ಸೇರಿ ಒಂದು ಕಡತ ಸಿದ್ಧವಾಗುತ್ತದೆ. ಅದು ಕೃಷಿ ಇಲಾಖೆಯ ಮೂಲಕ ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ಸಮಿತಿಯ ಮುಂದೆ ಬರುತ್ತದೆ. ಸಮಿತಿ ಒಪ್ಪಿದರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ, ಪತ್ನಿಗೆ ತಿಂಗಳಿಗೆ 2,000 ರೂಪಾಯಿ ಪಿಂಚಣಿ. ರಾಜ್ಯದಲ್ಲಿ ಸಾಲುಸಾಲಾಗಿ ರೈತರು ಸತ್ತ 2015ರಲ್ಲಿ ಪರಿಹಾರದ ಮೊತ್ತ ಈ ಮಟ್ಟಕ್ಕೆ ಏರಿತು. ನಿಧಾನವಾಗಿಯಾದರೂ ಕಡತ ನಡೆಯುತ್ತದೆ, ಅದಕ್ಕೊಂದು ದಾರಿಯಿದೆ.

ಅದೇ ಮನುಷ್ಯ ಬದುಕಿದ್ದಾಗ, ವಾರಗಟ್ಟಲೆ ನಿದ್ದೆಯಿಲ್ಲದೆ ಜಗಲಿಯ ಮೇಲೆ ಕೂತು ಬೆಳಗು ಮಾಡುತ್ತಿದ್ದಾಗ, ಸರ್ಕಾರ ಎಲ್ಲಿರುತ್ತದೆ? ಎಲ್ಲೂ ಇಲ್ಲ ಎಂದು ಹೇಳಿಬಿಡುವುದು ಸುಲಭ. ಇದೆ. ಇರುವುದು ನಮಗೆ ಗೊತ್ತಿಲ್ಲ, ಗೊತ್ತಿದ್ದವರು ಹೇಳುವುದಿಲ್ಲ.

ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ಹೋಬಳಿಯನ್ನೇ ತೆಗೆದುಕೊಳ್ಳಿ. ಹೇಮಾವತಿಯ ಎಡದಂಡೆ ನಾಲೆ ತುಮಕೂರಿನತ್ತ ಹರಿಯುವುದು ಇಲ್ಲಿನ ಬಾಗೂರು–ನವಿಲೆ ಸುರಂಗದ ಮೂಲಕ. ನೀರು ನೆಲದೊಳಗೆ, ರೈತ ನೆಲದ ಮೇಲೆ. ಮೇಲಿನವನ ಬದುಕು ತೆಂಗು, ರಾಗಿ, ಡೇರಿಯ ಹಾಲು ಮತ್ತು ಕೊಳವೆಬಾವಿಯನ್ನು ನಂಬಿಕೊಂಡಿದೆ. 2016–17ರ ಬರದಲ್ಲಿ ಚನ್ನರಾಯಪಟ್ಟಣ, ಅರಸೀಕೆರೆ ಕಡೆ ತೆಂಗಿನ ತೋಟಗಳೇ ಒಣಗಿ ನಿಂತವು. ರಾಗಿ ಹೋದರೆ ಮುಂದಿನ ಮಳೆಗೆ ಮತ್ತೆ ಬಿತ್ತಬಹುದು, ತೆಂಗು ಹೋದರೆ ಒಂದು ತಲೆಮಾರಿನ ದುಡಿಮೆ ಹೋದಂತೆ. ಬರ ಮುಗಿದರೆ ಬೆಲೆಯ ಕಾಟ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ, ಮಾರುಕಟ್ಟೆಯಲ್ಲಿ ಸಿಗುತ್ತಿದ್ದುದು 8,000ದ ಆಸುಪಾಸು. ಆಮೇಲೆ ದರವೇನೋ ಜಿಗಿಯಿತು, ಆದರೆ ರೋಗ ಬಿದ್ದ ಮರದಲ್ಲಿ ಕಾಯಿ ಇರಬೇಕಲ್ಲ! ಬೋರಿಗೆ ಮಾಡಿದ ಸಾಲ, ಸೊಸೈಟಿಯ ಸಾಲ, ಮಗಳ ಮದುವೆಯ ಕೈಸಾಲ, ಹೆಂಡತಿ ಸಂಘದಲ್ಲಿ ತೆಗೆದ ವಾರದ ಕಂತಿನ ಸಾಲ ಎಲ್ಲವೂ ಒಂದೇ ಮನೆಯ ಬಾಗಿಲಿಗೆ ಬರುತ್ತವೆ.

ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಕರ್ನಾಟಕದಲ್ಲಿ ಆ ವರ್ಷ ಕೃಷಿಯನ್ನು ನಂಬಿದ 2,392 ಮಂದಿ ಹೀಗೆ ಸತ್ತರು. ಮಹಾರಾಷ್ಟ್ರ ಬಿಟ್ಟರೆ ನಮ್ಮದೇ ಹೆಚ್ಚು.

ಕಾರಣ ಸಾಲವೋ ಮನಸ್ಸೋ ಎಂಬ ಜಗಳ ನಮ್ಮಲ್ಲಿ ಹಳೆಯದು. ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಜಿ.ಕೆ. ವೀರೇಶ್ ಅವರ ಸಮಿತಿ 2002ರಲ್ಲಿ ಕೊಟ್ಟ ವರದಿ ಸಾಲವೊಂದನ್ನೇ ಕಾರಣವೆಂದು ಒಪ್ಪಲಿಲ್ಲ. ಕುಡಿತ, ಮನೆಯೊಳಗಿನ ಕಲಹಗಳನ್ನೂ ಮುಂದಿಟ್ಟಿತು. ರೈತ ಸಂಘದವರು ಕೆರಳಿದರು. ಅವರು ಕೆರಳಿದ್ದರಲ್ಲಿ ನ್ಯಾಯವಿತ್ತು, ಸತ್ತವನ ಮೇಲೇ ತಪ್ಪು ಹೊರಿಸಿದಂತೆ ಅದು ಕೇಳಿಸುತ್ತಿತ್ತು. ಆದರೆ ಆ ಜಗಳದಿಂದ ನಷ್ಟವೂ ಆಯಿತು. ರೈತನ ಮನಸ್ಸಿನ ಮಾತೆತ್ತಿದರೆ ಸಾಲದ ಮಾತನ್ನು ಮರೆಸಲು ಹೊರಟಿದ್ದಾರೆ ಎಂಬ ಗುಮಾನಿ ಉಳಿದುಕೊಂಡಿತು. ಸಾಲ ಮನಸ್ಸನ್ನು ತಿನ್ನುತ್ತದೆ, ಮನಸ್ಸು ಕುಗ್ಗಿದವನಿಗೆ ತೀರಿಸಬಲ್ಲ ಸಾಲವೂ ತೀರದಂತೆ ಕಾಣುತ್ತದೆ. ಇದು ಗೊತ್ತಾಗುವುದಕ್ಕೆ ಸಮಿತಿ ಬೇಕಿಲ್ಲ.

ಹಳ್ಳಿಯ ಮನಸ್ಸಿಗೆ ಹಳ್ಳಿಯಲ್ಲೇ ಚಿಕಿತ್ಸೆ ಎಂಬ ಯೋಚನೆಯನ್ನು ದೇಶಕ್ಕೆ ಮಾಡಿ ತೋರಿಸಿದ್ದು ಕರ್ನಾಟಕವೇ. ಬೆಂಗಳೂರಿನ ನಿಮ್ಹಾನ್ಸ್ 1975ರಲ್ಲಿ ಆರ್.ಎಲ್. ಕಪೂರ್ ಅವರ ಮುಂದಾಳತ್ವದಲ್ಲಿ ಸಮುದಾಯ ಮನೋವೈದ್ಯ ಘಟಕ ತೆರೆದು, ಸಕಲವಾರದ ಸುತ್ತಲಿನ ಹಳ್ಳಿಗಳಲ್ಲಿ ಕೆಲಸ ಶುರುಮಾಡಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ರೋಗದ ಮಾತ್ರೆಗಳನ್ನು ಅಲ್ಲಿಯೇ ಸಿಗುವಂತೆ ಮಾಡಿತು. ಈ ಬಳ್ಳಾರಿ ಮಾದರಿಯನ್ನೇ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. ಈಗ ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಅದಿದೆ. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್ ಇರುವ ಪುಟ್ಟ ತಂಡ ಅದು. ತಂಡಕ್ಕೆ ಇಡೀ ಜಿಲ್ಲೆಯೇ ಕಾರ್ಯಕ್ಷೇತ್ರ. ಅಷ್ಟು ಜನಕ್ಕೆ ಇಷ್ಟು ಮಂದಿ ಸಾಲರು ಎನ್ನಲು ಲೆಕ್ಕಾಚಾರ ಬೇಕಿಲ್ಲ.

ಈ ತಂಡದ ಕೆಲಸವನ್ನು ತಾಲ್ಲೂಕಿಗೆ ತಂದದ್ದು ರಾಜ್ಯ ಸರ್ಕಾರದ 'ಮನೋಚೈತನ್ಯ'. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡುತ್ತಾರೆ, ಮಾತ್ರೆ ಉಚಿತ. ಬಾಗೂರಿನವರು ಹಾಸನಕ್ಕೋ ಬೆಂಗಳೂರಿಗೋ ಅಲೆಯಬೇಕಿಲ್ಲ, ಪಟ್ಟಣದ ಬಸ್ಸು ಹತ್ತಿದರಾಯಿತು. ಹುಚ್ಚಾಸ್ಪತ್ರೆಗೆ ಹೋದ ಎಂಬ ಮಾತಿಗೆ ಹೆದರುವವರಿಗೂ ಇಲ್ಲಿ ಅನುಕೂಲವಿದೆ. ಜ್ವರಕ್ಕೆ, ಶುಗರಿಗೆ, ಬಾಣಂತನಕ್ಕೆ ಬರುವವರ ನಡುವೆಯೇ ಚೀಟಿ ಬರೆಸಿ ಕೂರಬಹುದು, ಯಾರು ಯಾತಕ್ಕೆ ಬಂದರೆಂದು ಕೇಳುವವರಿಲ್ಲ. ಹಳ್ಳಿಯವರು ಮನಸ್ಸಿನ ನೋವನ್ನು ಮನಸ್ಸಿನ ನೋವೆಂದು ಹೇಳುವುದೂ ಕಡಿಮೆ. ನಿದ್ದೆ ಹತ್ತಲ್ಲ, ತಲೆ ಧಿಮ್ಮೆನ್ನುತ್ತದೆ, ಊಟ ಸೇರಲ್ಲ, ಯಾವುದೂ ಬೇಡ ಅನಿಸುತ್ತದೆ. ಇಷ್ಟು ಹೇಳಿದರೆ ಆ ವೈದ್ಯರಿಗೆ ಸಾಕು. ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆಂಬುದನ್ನು ಊರಿನ ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ವಿಚಾರಿಸಿಕೊಳ್ಳಬೇಕು.

ಮಂಗಳವಾರದವರೆಗೆ ಕಾಯಲಾಗದ ರಾತ್ರಿಗಳಿಗೆ ಇರುವುದು 'ಟೆಲಿ ಮನಸ್'. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾದ ಕೇಂದ್ರ ಸರ್ಕಾರದ ಸಹಾಯವಾಣಿ ಇದು. ದೇಶಕ್ಕೆಲ್ಲ ಇದರ ಮುಖ್ಯ ಕೇಂದ್ರ ನಿಮ್ಹಾನ್ಸ್. ಸಂಖ್ಯೆ 14416. ದಿನದ 24 ಗಂಟೆಯೂ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮೊದಲು ತರಬೇತಾದ ಆಪ್ತಸಮಾಲೋಚಕರು ಮಾತಾಡುತ್ತಾರೆ, ಅಗತ್ಯ ಕಂಡರೆ ಮನೋವೈದ್ಯರಿಗೆ ಅಥವಾ ಹತ್ತಿರದ ಆಸ್ಪತ್ರೆಗೆ ಜೋಡಿಸುತ್ತಾರೆ. ನೊಂದವರೇ ಫೋನ್ ಮಾಡಬೇಕೆಂದೇನೂ ಇಲ್ಲ. ಅಣ್ಣ ಯಾಕೋ ಸರಿಯಿಲ್ಲ, ಏನು ಮಾಡಲಿ ಎಂದು ತಮ್ಮನೂ ಕೇಳಬಹುದು.

ಕಾನೂನೂ ಬದಲಾಗಿದೆ, ಸುದ್ದಿ ಊರಿಗೆ ತಲುಪಿಲ್ಲ. ಆತ್ಮಹತ್ಯೆಗೆ ಯತ್ನಿಸಿ ಬದುಕಿದವರ ಮೇಲೆ ಕೇಸಾಗುತ್ತದೆ ಎಂದು ಹೆದರಿ ಆಸ್ಪತ್ರೆಗೆ ತಡವಾಗಿ ಒಯ್ಯುವವರು ಈಗಲೂ ಇದ್ದಾರೆ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಅವರ ಆರೈಕೆ ಸರ್ಕಾರದ ಹೊಣೆ ಎನ್ನುತ್ತದೆ. ಯತ್ನವನ್ನೇ ಅಪರಾಧ ಮಾಡಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ.

ಇನ್ನು ವಾರದ ಕಂತು. ಮನೆ ಮುಂದೆ ಬಂದು ಕೂರುವುದು, ಬಾಗಿಲ ಮೇಲೆ ಬರೆಯುವುದು, ಸಂಘದ ಉಳಿದ ಹೆಂಗಸರ ಎದುರು ಮಾನ ಕಳೆಯುವುದು. ಹೀಗೆ ಮರ್ಯಾದೆ ಹಿಡಿದು ಎಳೆಯುವ ವಸೂಲಿಯಿಂದ ರಾಜ್ಯದಲ್ಲಿ ಸಾವುಗಳಾದ ಮೇಲೆ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು, ಅದೇ ವರ್ಷ ಕಾಯ್ದೆಯೂ ಆಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ದೂರು ಕೊಟ್ಟರೆ ಪೊಲೀಸರು ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ನನ್ನ ಮಟ್ಟಿಗೆ ಇದೂ ಆತ್ಮಹತ್ಯೆ ತಡೆಯ ಕಾನೂನೇ, ಆರೋಗ್ಯ ಇಲಾಖೆಯ ಹೆಸರು ಅದರ ಮೇಲಿಲ್ಲ ಅಷ್ಟೆ.

ಜಗತ್ತಿನ ಅನುಭವ ಇನ್ನೊಂದು ಮಾತು ಹೇಳುತ್ತದೆ. ಸಾಯಬೇಕೆನ್ನುವ ಆವೇಗ ಬಹಳ ಸಲ ಗಳಿಗೆಯದು; ಆ ಗಳಿಗೆ ದಾಟಿದರೆ ಮನುಷ್ಯ ಉಳಿಯುತ್ತಾನೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1990ರ ದಶಕದ ನಡುಭಾಗದಲ್ಲಿದ್ದ ಆತ್ಮಹತ್ಯೆ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು. ಬೆಳೆಯೇನೂ ಕುಸಿಯಲಿಲ್ಲ. ಭಾರತ 2018ರಲ್ಲಿ 18 ಕೀಟನಾಶಕಗಳ ನಿಷೇಧಕ್ಕೆ ಆದೇಶ ಹೊರಡಿಸಿತು. 2022ರ ನವೆಂಬರ್‌ನಲ್ಲಿ ಪ್ರಕಟವಾದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ 2030ರೊಳಗೆ ಇಂಥ ಸಾವುಗಳನ್ನು ಶೇ 10ರಷ್ಟು ಇಳಿಸುವ ಗುರಿ ಇಟ್ಟುಕೊಂಡಿದೆ. ಶ್ರೀಲಂಕಾ ಕಂಡದ್ದರ ಮುಂದೆ ಈ ಗುರಿ ತೀರ ಸಂಕೋಚದ್ದು. ದಿಲ್ಲಿ ಮಾಡುವುದು ಮಾಡಲಿ, ಔಷಧಿ ಡಬ್ಬಿಯನ್ನು ಮನೆಯೊಳಗಿಡದೆ ಬೀಗ ಹಾಕಿದ ಜಾಗದಲ್ಲಿಟ್ಟು ಕೀಲಿಯನ್ನು ಬೇರೆಯವರ ಕೈಗೆ ಕೊಡುವುದಕ್ಕೆ ಯಾವ ಆದೇಶವೂ ಬೇಕಿಲ್ಲ.

ಇಷ್ಟೆಲ್ಲ ಇದ್ದೂ ಹೊರಗುಳಿದವರಿದ್ದಾರೆ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ದಿನಗೂಲಿಗಳು. ಬಾಗೂರಿನ ತೋಟದಲ್ಲಿ ಕಾಯಿ ಕೀಳುವವನಿಗೆ, ಸುಲಿಯುವವಳಿಗೆ ಪಹಣಿಯಿಲ್ಲ. ಗಂಡನ ಜೊತೆ ಜೀವಮಾನವಿಡೀ ಉತ್ತ ಹೆಂಗಸಿನ ಹೆಸರಿಗೂ ಬಹಳ ಕಡೆ ಜಮೀನಿಲ್ಲ. ಸರ್ಕಾರದ ಕಣ್ಣಿಗೆ ಇವರು ರೈತರೇ ಅಲ್ಲ. ಮಂಗಳವಾರದ ಚೀಟಿಗೂ 14416ಕ್ಕೂ ಮಾತ್ರ ಪಹಣಿ ಬೇಕಿಲ್ಲ. ನನಗೆ ಈ ವ್ಯವಸ್ಥೆ ಮೆಚ್ಚುಗೆಯಾಗುವುದು ಇಲ್ಲಿಯೇ.

ಕೊರತೆ ಪ್ರಚಾರದ್ದು, ಅದಕ್ಕೆ ಖರ್ಚಿಲ್ಲ. ಬೆಳಿಗ್ಗೆ ಸಂಜೆ ಊರೆಲ್ಲ ಹಾಲಿನ ಕ್ಯಾನು ಹಿಡಿದು ನಿಲ್ಲುವ ಡೇರಿ, ಹೋಬಳಿಯ ರೈತ ಸಂಪರ್ಕ ಕೇಂದ್ರ, ಸೊಸೈಟಿ, ಗೊಬ್ಬರ–ಔಷಧಿ ಅಂಗಡಿ, ಇಷ್ಟರ ಗೋಡೆಗಳ ಮೇಲೆ ಈ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆಸಲು ಗ್ರಾಮ ಪಂಚಾಯಿತಿ ಒಂದು ನಿರ್ಣಯ ಮಾಡಿದರೆ ಸಾಕು. ಓದುಗರಲ್ಲಿ ಯಾರಿಗಾದರೂ ಅಂಥ ಗಳಿಗೆ ಬಂದಿದ್ದರೆ, ಅಥವಾ ಬಂದವರು ಮನೆಯಲ್ಲಿದ್ದರೆ, ಅವರನ್ನು ಒಂಟಿಯಾಗಿ ಬಿಡಬೇಡಿ, ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಲು ಅಂಜಬೇಡಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಈಗಲೇ 14416ಕ್ಕೆ ಫೋನ್ ಮಾಡಿ. ಅದು ಸಿಗದಿದ್ದರೆ 1800-891-4416. ಜೀವಕ್ಕೆ ಕೂಡಲೇ ಅಪಾಯವಿದ್ದರೆ 108 ಅಥವಾ 112.